ಮನಸ್ಸು ಓದಬಲ್ಲ, ನಂಬಲಾರದ ಹರೆಯ: ಚಿತ್ರದುರ್ಗ ಸೀಮೆಯ ನೆಲೆಯಿಂದ ಒಂದು ವಿವೇಚನೆ

ಹೈಸ್ಕೂಲು, ಪಿಯು ಕಾಲೇಜುಗಳಲ್ಲಿ ತಂಟೆಕೋರನೆಂದು ಹೆಸರಾದ ಹುಡುಗನ ಬಗ್ಗೆ ಅಧ್ಯಾಪಕರು ಆಡುವ ಮಾತು ಸಾಮಾನ್ಯವಾಗಿ ಒಂದೇ: ಅವನಿಗೆ ಇನ್ನೊಬ್ಬರ ಕಷ್ಟಸುಖ ಅರ್ಥವಾಗುವುದಿಲ್ಲ. ಪರಿಹಾರವೂ ಅದೇ ಜಾಡಿನಲ್ಲಿ ಬರುತ್ತದೆ. ಕರೆದು ಕೂರಿಸಿ ಬುದ್ಧಿ ಹೇಳುತ್ತಾರೆ, ಹೆತ್ತವರು ಪಡುವ ಪಾಡನ್ನು ನೆನಪಿಸುತ್ತಾರೆ, ಬೆಳಗಿನ ಪ್ರಾರ್ಥನೆಯಲ್ಲಿ ನೀತಿಯ ನಾಲ್ಕು ಮಾತು ಸೇರಿಸುತ್ತಾರೆ. ಇದೆಲ್ಲದರ ಹಿಂದೆ ಒಂದು ಊಹೆ ಕೆಲಸ ಮಾಡುತ್ತಿದೆ: ತಿಳಿವಳಿಕೆ ಸಾಲದೆ ವರ್ತನೆ ಕೆಟ್ಟಿದೆ, ತಿಳಿವಳಿಕೆ ಬಂದರೆ ವರ್ತನೆ ಸರಿಹೋಗುತ್ತದೆ. ಕಳೆದ ನಾಲ್ಕು ದಶಕಗಳ ಮನಶ್ಶಾಸ್ತ್ರೀಯ ಸಂಶೋಧನೆಯನ್ನು ಚಿತ್ರದುರ್ಗ ಸೀಮೆಯ ಬದುಕಿನ ಪಕ್ಕದಲ್ಲಿಟ್ಟು ಓದಿದರೆ ಈ ಊಹೆ ನಿಲ್ಲುವುದಿಲ್ಲ ಎಂಬುದು ಈ ಲೇಖನದ ವಾದ. ಹರೆಯದ ಬಹುಪಾಲು ಮಕ್ಕಳಿಗೆ ಇನ್ನೊಬ್ಬರ ಮನಸ್ಸನ್ನು ಅರಿಯುವ ಶಕ್ತಿ ಬೇಕಾದಷ್ಟಿದೆ. ಕೊರತೆ ಇರುವುದು ನಂಬಿಕೆಯಲ್ಲಿ, ಮತ್ತು ಅದನ್ನು ಕಟ್ಟಿಕೊಡುವ ಹೊಣೆ ಮೊದಲು ದೊಡ್ಡವರದು.

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ತಾಲ್ಲೂಕುಗಳನ್ನು ಒಟ್ಟಿಗೆ ನೋಡಲು ಕಾರಣವಿದೆ. 2011ರ ಜನಗಣತಿಯಂತೆ ಜಿಲ್ಲೆಯ ಜನಸಂಖ್ಯೆ 16,59,456. ಇದರಲ್ಲಿ ಪರಿಶಿಷ್ಟ ಜಾತಿ ಮತ್ತು ಪಂಗಡಗಳ ಪಾಲು ಶೇ. 40ಕ್ಕೂ ಹೆಚ್ಚು. ಮಳೆ ನೆಚ್ಚಿಕೊಳ್ಳುವಂಥದ್ದಲ್ಲ. ಹಿರಿಯೂರಿನ ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಹೊಳಲ್ಕೆರೆ, ಭೀಮಸಮುದ್ರದ ಕಡೆ ಅಡಿಕೆ ತೋಟ, ಹೊಸದುರ್ಗದಲ್ಲಿ ತೆಂಗು ಮತ್ತು ದಾಳಿಂಬೆ, ಉಳಿದ ಕಡೆ ಮೆಕ್ಕೆಜೋಳ, ಶೇಂಗಾ, ಈರುಳ್ಳಿ. ಬೋರ್‌ವೆಲ್ ಬತ್ತಿದ ವರ್ಷ ಅಪ್ಪ ಅಮ್ಮ ಬೆಂಗಳೂರಿಗೋ ಮಲೆನಾಡಿನ ಕಾಫಿ ತೋಟಕ್ಕೋ ದುಡಿಯಲು ಹೋದರೆ ಮಗ ಅಜ್ಜಿಯ ಮನೆಯಲ್ಲಿ ಅಥವಾ ಹಾಸ್ಟೆಲಿನಲ್ಲಿ ಉಳಿಯುತ್ತಾನೆ. ಎಸ್ಸೆಸ್ಸೆಲ್ಸಿವರೆಗೆ ಊರಿನಲ್ಲೋ ಹೋಬಳಿಯಲ್ಲೋ ಓದಿದವರು ಪಿಯುಸಿಗೆ ತಾಲ್ಲೂಕು ಕೇಂದ್ರಕ್ಕೆ ಬರಬೇಕು. ಯಾರ ಜೊತೆ ರೂಮು ಹಂಚಿಕೊಳ್ಳುವುದು, ಯಾರಿಗೆ ದುಡ್ಡು ಕೊಟ್ಟಿಡುವುದು, ಮನೆಯ ವಿಷಯವನ್ನು ಯಾರ ಹತ್ತಿರ ಹೇಳಿಕೊಳ್ಳುವುದು ಎಂಬ ಪ್ರಶ್ನೆಗಳು ಹದಿನಾರನೆಯ ವಯಸ್ಸಿನಲ್ಲಿ ಒಮ್ಮೆಲೇ ಎದುರಾಗುತ್ತವೆ. ನಂಬಿಕೆ ಇಲ್ಲಿ ನಿತ್ಯದ ವ್ಯವಹಾರ.

ಓಬವ್ವನ ಕಿಂಡಿ

ಇನ್ನೊಬ್ಬರಿಗೂ ನಮ್ಮ ಹಾಗೆ ಎಣಿಕೆ, ಆಸೆ, ಉದ್ದೇಶಗಳಿವೆ, ಅವು ನಮ್ಮವಕ್ಕಿಂತ ಬೇರೆಯಾಗಿರಬಹುದು ಎಂದು ಅರಿಯುವ ಶಕ್ತಿಗೆ ಮನಶ್ಶಾಸ್ತ್ರದಲ್ಲಿ 'ಥಿಯರಿ ಆಫ್ ಮೈಂಡ್' ಎಂಬ ಹೆಸರಿದೆ. 1978ರಲ್ಲಿ ಪ್ರಿಮ್ಯಾಕ್ ಮತ್ತು ವುಡ್‌ರಫ್ ಚಿಂಪಾಂಜಿಗಳ ಕುರಿತು ಬರೆದ ಪ್ರಬಂಧದಿಂದ ಈ ಮಾತು ಚಾಲ್ತಿಗೆ ಬಂತು. ಇಲ್ಲಿ ಅದನ್ನು ಮನೋಗ್ರಹಿಕೆ ಎಂದು ಕರೆಯುತ್ತೇನೆ. 1983ರಲ್ಲಿ ವಿಮ್ಮರ್ ಮತ್ತು ಪರ್ನರ್ ರೂಪಿಸಿದ ಪರೀಕ್ಷೆ ಈಗ ಎಲ್ಲ ಪಠ್ಯಗಳಲ್ಲೂ ಇದೆ. ಹುಡುಗನೊಬ್ಬ ಚಾಕೊಲೇಟನ್ನು ಒಂದು ಕಪಾಟಿನಲ್ಲಿಟ್ಟು ಆಡಲು ಹೋಗುತ್ತಾನೆ. ಅವನಿಲ್ಲದಾಗ ತಾಯಿ ಅದನ್ನು ಬೇರೆ ಕಪಾಟಿಗೆ ಸೇರಿಸುತ್ತಾಳೆ. ಮರಳಿ ಬಂದ ಹುಡುಗ ಎಲ್ಲಿ ಹುಡುಕುತ್ತಾನೆ? ಮೂರು ವರ್ಷದ ಮಕ್ಕಳು ಚಾಕೊಲೇಟ್ ನಿಜವಾಗಿ ಇರುವ ಕಡೆಗೆ ಕೈ ತೋರಿಸುತ್ತಾರೆ. ನಾಲ್ಕೈದು ವರ್ಷದವರು, ಹುಡುಗನ ಎಣಿಕೆ ತಪ್ಪಾಗಿದ್ದರೂ ಅವನು ನಡೆಯುವುದು ಅದರಂತೆಯೇ ಎಂದು ಬಲ್ಲರು.

ಚಿತ್ರದುರ್ಗದ ಮಕ್ಕಳಿಗೆ ಇದನ್ನು ತಿಳಿಸಲು ಕಪಾಟು ಬೇಕಿಲ್ಲ. ಕೋಟೆ ನೋಡಲು ಬಂದ ಪ್ರತಿ ಶಾಲೆಯ ಮಕ್ಕಳೂ ಓಬವ್ವನ ಕಿಂಡಿಯ ಮುಂದೆ ನಿಂತು ಆ ಕಥೆ ಕೇಳುತ್ತಾರೆ. ಕಿಂಡಿಯಲ್ಲಿ ಒಬ್ಬೊಬ್ಬನೇ ನುಸುಳುವ ಹೈದರ್ ಅಲಿಯ ಸೈನಿಕನ ತಲೆಗೆ ಓಬವ್ವ ಒನಕೆಯಿಂದ ಹೊಡೆದು ಹೆಣವನ್ನು ಪಕ್ಕಕ್ಕೆ ಎಳೆಯುತ್ತಾಳೆ. ಹೊರಗಿರುವವನಿಗೆ ಒಳಗೇನಾಯಿತೆಂದು ತಿಳಿಯದು. ಮುಂದಿನವನು ಸುರಕ್ಷಿತವಾಗಿ ದಾಟಿದ ಎಂದುಕೊಂಡು ತಾನೂ ತಲೆ ಹಾಕುತ್ತಾನೆ. 'ಅವನು ಯಾಕೆ ಒಳಗೆ ಬಂದ?' ಎಂದು ಕೇಳಿದಾಗ 'ಅವನಿಗೆ ಗೊತ್ತಿರಲಿಲ್ಲವಲ್ಲ' ಎನ್ನುವ ಮಗು ತಪ್ಪು ಎಣಿಕೆಯ ಪರೀಕ್ಷೆಯಲ್ಲಿ ಪಾಸಾಯಿತು. ಇನ್ನೊಂದು ಮೆಟ್ಟಿಲು ಮೇಲಿನ ಪ್ರಶ್ನೆಯೂ ಇದೆ: ಓಬವ್ವ ಹೆಣವನ್ನು ಪಕ್ಕಕ್ಕೆ ಎಳೆದದ್ದು ಏಕೆ? ಹೊರಗಿನವನು ಏನೆಂದುಕೊಂಡಿದ್ದಾನೆ ಎಂಬುದು ಅವಳಿಗೆ ಗೊತ್ತು. ಅವನು ಹಾಗೆಯೇ ಅಂದುಕೊಂಡಿರಬೇಕೆಂದು ಅವಳು ದಾರಿ ತೆರವು ಮಾಡುತ್ತಾಳೆ. ಎಣಿಕೆಯ ಮೇಲಿನ ಈ ಎಣಿಕೆ ಆರೇಳು ವರ್ಷದ ಹೊತ್ತಿಗೆ ಮಕ್ಕಳಿಗೆ ದಕ್ಕುತ್ತದೆ ಎಂದು ಪರ್ನರ್ ಮತ್ತು ವಿಮ್ಮರ್ 1985ರಲ್ಲಿ ತೋರಿಸಿದರು. ಭಾರತವೂ ಸೇರಿದಂತೆ ಐದು ದೇಶಗಳಲ್ಲಿ ಕ್ಯಾಲಗನ್ ಮತ್ತು ಸಂಗಡಿಗರು ನಡೆಸಿ 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲೂ ಮೊದಲ ಮೆಟ್ಟಿಲನ್ನು ಮಕ್ಕಳು ಐದು ವರ್ಷದ ಹೊತ್ತಿಗೆ ಹತ್ತಿರುವುದು ಕಂಡಿತು.

ಹಾಗಾದರೆ ಹದಿನೈದು ವರ್ಷದವನಲ್ಲಿ ಬೆಳೆಯಲು ಉಳಿದಿರುವುದೇನು? ಡ್ಯೂಮಾಂಟೇಲ್, ಆ್ಯಪರ್ಲಿ ಮತ್ತು ಬ್ಲೇಕ್‌ಮೋರ್ 2010ರಲ್ಲಿ ಪ್ರಕಟಿಸಿದ ಪ್ರಯೋಗ ಇದಕ್ಕೆ ಒಳ್ಳೆಯ ಉತ್ತರ ಕೊಡುತ್ತದೆ. ಪರದೆಯ ಮೇಲೆ ಗೂಡುಗಳುಳ್ಳ ಒಂದು ಕಪಾಟು. ಅದರ ಹಿಂಬದಿಯಲ್ಲಿ ನಿಂತವನು 'ಸಣ್ಣ ಚೆಂಡನ್ನು ಸರಿಸು' ಎನ್ನುತ್ತಾನೆ. ಕೆಲವು ಗೂಡುಗಳ ಹಿಂಬದಿ ಮುಚ್ಚಿರುವುದರಿಂದ ಅವನಿಗೆ ಅಲ್ಲಿನ ಚೆಂಡು ಕಾಣದು. ನಮಗೆ ಕಾಣುವ ಎಲ್ಲಕ್ಕಿಂತ ಸಣ್ಣ ಚೆಂಡನ್ನು ಬಿಟ್ಟು, ಅವನಿಗೆ ಕಾಣುವವುಗಳಲ್ಲಿ ಸಣ್ಣದನ್ನು ಆರಿಸಬೇಕು. ಹದಿನಾಲ್ಕರಿಂದ ಹದಿನೇಳು ವರ್ಷದವರೂ ವಯಸ್ಕರಿಗಿಂತ ಹೆಚ್ಚು ತಪ್ಪು ಮಾಡಿದರು. ಇನ್ನೊಬ್ಬನಿಗೆ ಏನು ಕಾಣುತ್ತದೆ ಎಂಬುದು ಅವರಿಗೆ ಗೊತ್ತಿತ್ತು. ಆ ಕ್ಷಣದಲ್ಲಿ ಅದನ್ನು ಬಳಸುವ ರೂಢಿ ಇನ್ನೂ ಪಕ್ವವಾಗಿರಲಿಲ್ಲ. ಸಿಟ್ಟು ನೆತ್ತಿಗೇರಿದಾಗ, ಗೆಳೆಯರು ಸುತ್ತ ನಿಂತು ನೋಡುತ್ತಿರುವಾಗ ಈ ಬಳಕೆ ಇನ್ನಷ್ಟು ಕಷ್ಟವೆಂಬುದು ಹೈಸ್ಕೂಲಿನ ಮೈದಾನದಲ್ಲಿ ನಿಂತ ಯಾವ ಪಿ.ಟಿ. ಮೇಷ್ಟ್ರಿಗೂ ಹೇಳಿಕೊಡಬೇಕಾದ ಮಾತಲ್ಲ.

ಅಳತೆಗೋಲುಗಳ ಬಗ್ಗೆ ಒಂದು ಎಚ್ಚರಿಕೆ. ಬ್ಯಾರನ್-ಕೋಹೆನ್ ತಂಡದ 2001ರ ಪರಿಷ್ಕೃತ ಪರೀಕ್ಷೆಯಲ್ಲಿ 36 ಜೊತೆ ಕಣ್ಣುಗಳ ಚಿತ್ರಗಳಿವೆ. ಪ್ರತಿಯೊಂದಕ್ಕೂ ನಾಲ್ಕು ಪದಗಳಲ್ಲಿ ಒಂದನ್ನು ಆರಿಸಬೇಕು. ಇದನ್ನು ಅನುವಾದಿಸಿ ಹೊಸದುರ್ಗದ ಹುಡುಗಿಯ ಮುಂದಿಟ್ಟರೆ ಅವಳ ಪದಸಂಪತ್ತನ್ನು ಅಳೆದಂತಾಗುತ್ತದೆ; ಕಣ್ಣೋಟವನ್ನು ಎಷ್ಟು ಅಳೆದೆವೆಂದು ಹೇಳುವುದು ಕಷ್ಟ. ಮುನಿಸಿಗೂ ಸಿಟ್ಟಿಗೂ, ಬೇಸರಕ್ಕೂ ಕಸಿವಿಸಿಗೂ ಅವಳು ಮಾಡುವ ಭೇದವನ್ನು ಆ ನಾಲ್ಕು ಪದಗಳು ಹಿಡಿಯಬೇಕಲ್ಲ. ಅಲ್ಲದೆ ಹಿರಿಯರ ಕಣ್ಣಿಗೆ ಕಣ್ಣಿಟ್ಟು ನೋಡುವುದು ನಮ್ಮಲ್ಲಿ ಉದ್ಧಟತನ. ಶಿಕ್ಷಕರ ಮುಂದೆ ಹುಡುಗ ತಲೆ ತಗ್ಗಿಸಿ ನಿಂತರೆ ಕಳ್ಳ, ತಲೆ ಎತ್ತಿ ನಿಂತರೆ ಅಹಂಕಾರಿ. ಮನೋಗ್ರಹಿಕೆಯ ಪರೀಕ್ಷೆ ಆ ಹೊತ್ತಿನಲ್ಲಿ ನಡೆಯುತ್ತಿರುವುದು ಶಿಕ್ಷಕರಿಗೆ.

ಅರಿವು ಯಾವ ಕಡೆಗೆ ತಿರುಗುತ್ತದೆ

ಇನ್ನೊಬ್ಬರನ್ನು ಕಾಡುವ ಮಕ್ಕಳಿಗೆ ಸಾಮಾಜಿಕ ಬುದ್ಧಿ ಕಡಿಮೆ ಎಂಬ ನಂಬುಗೆಯನ್ನು ಸಟ್ಟನ್, ಸ್ಮಿತ್ ಮತ್ತು ಸ್ವೆಟನ್‌ಹ್ಯಾಮ್ 1999ರಲ್ಲಿ ಪ್ರಶ್ನಿಸಿದರು. ಏಳರಿಂದ ಹತ್ತು ವರ್ಷದ ಮಕ್ಕಳಲ್ಲಿ, ಗುಂಪು ಕಟ್ಟಿಕೊಂಡು ಕಾಡುವ ನಾಯಕರು ಮನೋಗ್ರಹಿಕೆಯಲ್ಲಿ ಅವರ ಹಿಂಬಾಲಕರಿಗಿಂತ ಮುಂದಿದ್ದರು, ಕಾಡಿಸಿಕೊಂಡವರಿಗಿಂತಲೂ ಮುಂದಿದ್ದರು. ಯಾವ ಮಾತು ಎಲ್ಲಿ ಚುಚ್ಚುತ್ತದೆ, ಯಾರು ದೂರು ಕೊಡಲಾರರು ಎಂಬುದನ್ನು ಅರಿಯದೆ ಕಾಟ ಕೊಡುವುದು ಸಾಧ್ಯವಿಲ್ಲ. 2010ರಲ್ಲಿ ಜೋನ್ಸ್ ಮತ್ತು ಸಂಗಡಿಗರು ಇದಕ್ಕೆ ಹೊಂದುವ ಇನ್ನೊಂದು ಸಂಗತಿ ತೋರಿಸಿದರು: ನಿರ್ಭಾವದ ಲಕ್ಷಣಗಳುಳ್ಳ ಹುಡುಗರಿಗೆ ಇನ್ನೊಬ್ಬರ ಮನಸ್ಸಿನಲ್ಲಿ ಏನಿದೆಯೆಂದು ತಿಳಿಯುತ್ತದೆ, ಆದರೆ ಅದು ಅವರನ್ನು ಕಲಕುವುದಿಲ್ಲ. 'ಇನ್ನೊಬ್ಬರ ನೋವು ಅರ್ಥ ಮಾಡಿಕೋ' ಎಂಬ ಉಪದೇಶ ಇಂಥವರ ಕೈಗೆ ಇನ್ನಷ್ಟು ಮಾಹಿತಿ ಕೊಟ್ಟಂತೆ ಆಗಬಹುದು.

ಹೊಡೆದಾಟದ ಹುಡುಗರ ಕಥೆ ಬೇರೆ. ಕೆನೆತ್ ಡಾಜ್ 1980ರಿಂದ ಆರಂಭಿಸಿ, 1994ರಲ್ಲಿ ನಿಕಿ ಕ್ರಿಕ್ ಜೊತೆ ಸೇರಿ ವಿವರಿಸಿದಂತೆ, ಆಕ್ರಮಣಶೀಲ ಮಕ್ಕಳು ಅಸ್ಪಷ್ಟ ಸಂದರ್ಭದಲ್ಲಿ ಎದುರಿನವನ ಉದ್ದೇಶ ಕೆಟ್ಟದ್ದೆಂದು ಓದುತ್ತಾರೆ. ಮೆಸ್ಸಿನ ಸಾಲಿನಲ್ಲಿ ಹಿಂದಿನವನ ಮೊಣಕೈ ತಗಲಿ ತಟ್ಟೆ ಬಿದ್ದರೆ ಒಬ್ಬ 'ನೋಡ್ಕೊಂಡು ಬಾರೋ' ಎಂದು ಬಗ್ಗುತ್ತಾನೆ, ಇನ್ನೊಬ್ಬ 'ಬೇಕಂತಲೇ ತಳ್ಳಿದೆ' ಎಂದು ಕತ್ತಿನ ಪಟ್ಟಿ ಹಿಡಿಯುತ್ತಾನೆ. ಈ ಎರಡನೆಯವನ ಓದನ್ನು ವೈರಾರೋಪದ ಒಲವು ಎನ್ನುತ್ತಾರೆ.

ಈ ಪರಿಕಲ್ಪನೆಯನ್ನು ನಮ್ಮ ಸೀಮೆಗೆ ತರುವಾಗ ನಾನು ಹಿಂದೇಟು ಹಾಕುತ್ತೇನೆ. ಹೊಸ ಹುಡುಗ ಹಾಸ್ಟೆಲಿಗೆ ಬಂದ ದಿನ 'ಯಾವೂರು?' ಎಂದು ಕೇಳುತ್ತಾರೆ. ಊರು ಹೇಳಿದರೆ 'ಊರೊಳಗೋ, ಕಾಲೋನಿನೋ, ಹಟ್ಟಿನೋ?' ಎಂಬ ಎರಡನೆಯ ಪ್ರಶ್ನೆ ಬರುತ್ತದೆ. ಮೇಲ್ನೋಟಕ್ಕೆ ವಿಳಾಸದ ವಿಚಾರಣೆ. ಕೇಳಿದವನಿಗೂ ಕೇಳಿಸಿಕೊಂಡವನಿಗೂ ಅದು ಜಾತಿಯ ವಿಚಾರಣೆ ಎಂದು ಗೊತ್ತು. ಅಲ್ಲಿ ಮುಖ ಬಿಗಿದುಕೊಂಡ ಹುಡುಗ ತಪ್ಪಾಗಿ ಓದಲಿಲ್ಲ, ಸರಿಯಾಗಿಯೇ ಓದಿದ. ಪ್ರಶ್ನಾವಳಿ ಹಿಡಿದು ಬಂದ ಸಂಶೋಧಕರು ಅವನಿಗೆ ವೈರಾರೋಪದ ಅಂಕ ಹಾಕಿದರೆ ತಪ್ಪು ಅವರದು. ಅನುಭವ ಕಲಿಸಿದ ಎಚ್ಚರಕ್ಕೂ ರೋಗದ ಸಂಶಯಕ್ಕೂ ನಡುವಿನ ಗೆರೆಯನ್ನು ಎಳೆಯಬೇಕಾದರೆ ಆ ಊರಿನ ಬೀದಿಗಳ ಲೆಕ್ಕ ಗೊತ್ತಿರಬೇಕು. ಕಾರ್ಲಾ ಶಾರ್ಪ್ ಮತ್ತು ಸಂಗಡಿಗರು 2011ರಲ್ಲಿ ವರ್ಣಿಸಿದ ಅತಿಗ್ರಹಿಕೆ, ಅಂದರೆ ಇಲ್ಲದ ಉದ್ದೇಶಗಳನ್ನೂ ಇನ್ನೊಬ್ಬರ ಮನಸ್ಸಿನಲ್ಲಿ ಕಾಣುವುದು, ಕೆಲವು ಮಕ್ಕಳಲ್ಲಿ ನಿಜಕ್ಕೂ ಇದೆ. ಅವರಿಗೆ ಚಿಕಿತ್ಸೆ ಬೇಕು. ಎಲ್ಲ ಎಚ್ಚರವನ್ನೂ ಆ ಖಾತೆಗೆ ಹಾಕಬಾರದು.

ಹಾಗೆಯೇ, ಹರೆಯದಲ್ಲಿ ಕಾಣುವ ಪುಂಡಾಟದ ಬಹುಪಾಲು ಹರೆಯದೊಂದಿಗೇ ಮುಗಿಯುತ್ತದೆ, ಬಾಲ್ಯದಿಂದ ಶುರುವಾಗಿ ಬಾಳಿಡೀ ಮುಂದುವರಿಯುವುದು ಸಣ್ಣ ಗುಂಪಿನಲ್ಲಿ ಮಾತ್ರ ಎಂದು ಟೆರಿ ಮಾಫಿಟ್ 1993ರಲ್ಲಿ ಮಂಡಿಸಿದ ಭೇದ ಇಂದಿಗೂ ಉಪಯುಕ್ತ. ಒಂಬತ್ತನೇ ತರಗತಿಯಲ್ಲಿ ಟಿಸಿ ಕೊಟ್ಟು ಕಳಿಸುವ ಮುನ್ನ ಮುಖ್ಯೋಪಾಧ್ಯಾಯರು ಈ ಭೇದವನ್ನು ನೆನೆಯಬೇಕು.

ಖಿನ್ನತೆ, ಆತಂಕದಂಥ ಒಳಮುಖಿ ಸಮಸ್ಯೆಗಳು ಯಾವ ಹಾಜರಿ ಪುಸ್ತಕದಲ್ಲೂ ಕಾಣುವುದಿಲ್ಲ. ಹಿರಿಯೂರು, ಹೊಸದುರ್ಗ ಭಾಗದ ಕಾಡುಗೊಲ್ಲರ ಹಟ್ಟಿಗಳಲ್ಲಿ ಮುಟ್ಟಾದ ಹೆಣ್ಣುಮಕ್ಕಳನ್ನು ಹಟ್ಟಿಯ ಹೊರಗಿಡುವ ರೂಢಿ ಪೂರ್ತಿ ಅಳಿದಿಲ್ಲ. ತಿಂಗಳಿಗೆ ಮೂರು ದಿನ ಶಾಲೆ ತಪ್ಪಿಸಿಕೊಂಡು 'ಹೊಟ್ಟೆನೋವು' ಎಂದು ರಜಾ ಚೀಟಿ ಬರೆಯುವ ಹುಡುಗಿ ತನ್ನ ಟೀಚರಿಗೆ ನಿಜ ಹೇಳುತ್ತಾಳೆಯೇ, ಹೇಳಿದರೆ ಟೀಚರ್ ಏನು ಮಾಡುತ್ತಾರೆ? ಅವಳ ಮೌನವನ್ನು ನಾವು ಒಳ್ಳೆಯ ನಡತೆ ಎಂದು ಬರೆದುಕೊಂಡಿದ್ದೇವೆ.

ಮಾತು, ಗುಟ್ಟು, ನಿಜ

ನಂಬಿಕೆಯ ಮಾತಿಗೆ ಬರೋಣ. ಎರಿಕ್ ಎರಿಕ್‌ಸನ್ 1950ರಲ್ಲಿ ಅದನ್ನು ಬಾಳಿನ ಮೊದಲ ಘಟ್ಟದ ಸವಾಲೆಂದು ಕರೆದರು. ಜೂಲಿಯನ್ ರಾಟರ್ 1967ರಲ್ಲಿ ಅದಕ್ಕೆ ವ್ಯಾವಹಾರಿಕ ರೂಪ ಕೊಟ್ಟರು: ಇನ್ನೊಬ್ಬರ ಮಾತನ್ನು, ವಚನವನ್ನು ನೆಚ್ಚಬಹುದೆಂಬ ಸಾಮಾನ್ಯ ನಿರೀಕ್ಷೆ. ಮಕ್ಕಳ ನಂಬಿಕೆಯನ್ನು ದೀರ್ಘಕಾಲ ಅಧ್ಯಯನ ಮಾಡಿದ ಕೆನ್ ರೊಟೆನ್‌ಬರ್ಗ್ ಈ ನಿರೀಕ್ಷೆಯನ್ನು ಮೂರಾಗಿ ಒಡೆದರು. ಮಾತು ಕೊಟ್ಟರೆ ನಡೆಸುತ್ತಾರೆಯೇ? ಹೇಳಿಕೊಂಡದ್ದನ್ನು ಇನ್ನೊಬ್ಬರಿಗೆ ಹೇಳದೆ, ಹಂಗಿಸದೆ ಇರುತ್ತಾರೆಯೇ? ನಿಜ ಹೇಳುತ್ತಾರೆಯೇ? ನನ್ನ ದೃಷ್ಟಿಯಲ್ಲಿ ಹರೆಯದ ವರ್ತನಾ ಸಮಸ್ಯೆಗಳ ಕುರಿತ ಚರ್ಚೆಗೆ ಇದಕ್ಕಿಂತ ಕೆಲಸಕ್ಕೆ ಬರುವ ವಿಂಗಡಣೆ ಇನ್ನೊಂದಿಲ್ಲ. ಏಕೆಂದರೆ ಈ ಮೂರೂ ದೊಡ್ಡವರು ಮಾಡಬಹುದಾದ, ಮಾಡದೆ ಬಿಡಬಹುದಾದ ಕೆಲಸಗಳು.

ನಡುವಿನದು ಹೆಚ್ಚು ಬೇಗ ಮುರಿಯುತ್ತದೆ. ಹಾಸ್ಟೆಲಿನ ಒಂದು ಸಂಜೆಯನ್ನು ನೆನೆಯಿರಿ. ಹಾಜರಿ ಹಾಕುವ ಹೊತ್ತು. ಹುಡುಗನೊಬ್ಬ ನಿನ್ನೆ ರಾತ್ರಿ ಗೋಡೆ ಹಾರಿ ಹೋಗಿದ್ದ. ವಾರ್ಡನ್ ಪಕ್ಕಕ್ಕೆ ಕರೆದು ಮೃದುವಾಗಿಯೇ ಕೇಳುತ್ತಾರೆ, 'ಯಾಕಪ್ಪ, ಏನಾಯ್ತು? ಮನೇಲಿ ಹೇಳಲ್ಲ, ಹೇಳು.' ಹುಡುಗ ಹೇಳುತ್ತಾನೆ: ಅಪ್ಪ ಕುಡಿದು ಗಲಾಟೆ ಮಾಡಿದ್ದಾನೆ, ಅಮ್ಮ ಫೋನು ಎತ್ತುತ್ತಿಲ್ಲ, ಬಸ್ಸಿಲ್ಲದ್ದಕ್ಕೆ ಲಾರಿ ಹತ್ತಿ ಊರಿಗೆ ಹೋಗಿ ಬೆಳಗಾಗುವುದರೊಳಗೆ ಬಂದೆ. ವಾರದ ಕೊನೆಗೆ ಅಪ್ಪನನ್ನು ಕರೆಸುತ್ತಾರೆ. ಎಲ್ಲರೆದುರು ಗೋಡೆ ಹಾರಿದ ವಿಷಯದ ಜೊತೆಗೆ ಕುಡಿತದ ವಿಷಯವೂ ಹೊರಬೀಳುತ್ತದೆ. ವಾರ್ಡನ್ ಕೆಟ್ಟವರಲ್ಲ. ಅಪ್ಪನನ್ನು ಎಚ್ಚರಿಸುವುದು ಮಗನ ಒಳ್ಳೆಯದಕ್ಕೇ ಎಂದು ಅವರು ತಿಳಿದಿದ್ದರು. ಆದರೆ ಆ ಹುಡುಗ ಮುಂದಿನ ಸಲ ಯಾರಿಗೂ ಏನೂ ಹೇಳುವುದಿಲ್ಲ. ಇನ್ನು ಮೇಲೆ ಅವನ ಹೆಸರಿನ ಮುಂದೆ 'ಮೊಂಡ, ಬಾಯಿ ಬಿಡಲ್ಲ' ಎಂದು ಬರೆಯಲಾಗುತ್ತದೆ. ಇದು ಯಾವುದೇ ಒಂದು ಹಾಸ್ಟೆಲಿನ ವರದಿಯಲ್ಲ. ವಸತಿ ಶಾಲೆಗಳ ವ್ಯವಸ್ಥೆ ಬಲ್ಲವರಿಗೆ ಅಪರಿಚಿತವೂ ಅಲ್ಲ.

ಸ್ವೀಡನ್ನಿನ ಹದಿನಾಲ್ಕು ವರ್ಷದ ಮಕ್ಕಳನ್ನು ಅಧ್ಯಯನ ಮಾಡಿದ ಸ್ಟಾಟಿನ್ ಮತ್ತು ಕೆರ್ 2000ದಲ್ಲಿ ಬರೆದ ಪ್ರಬಂಧ ಇಲ್ಲಿ ನೇರವಾಗಿ ಅನ್ವಯಿಸುತ್ತದೆ. ಮಕ್ಕಳ ಓಡಾಟ ಚೆನ್ನಾಗಿ ಗೊತ್ತಿರುವ ತಂದೆ ತಾಯಿಯರ ಮಕ್ಕಳಲ್ಲಿ ದುರ್ವರ್ತನೆ ಕಡಿಮೆ ಎಂಬುದು ಹಳೆಯ ಸಂಗತಿ. ಅದರಿಂದ ಕಾವಲು ಹೆಚ್ಚಿಸಿ ಎಂಬ ಸಲಹೆ ಹುಟ್ಟಿತ್ತು. ಸ್ಟಾಟಿನ್ ಮತ್ತು ಕೆರ್ ಇನ್ನೊಂದು ಹೆಜ್ಜೆ ಹಿಂದೆ ಹೋಗಿ, ಹೆತ್ತವರಿಗೆ ಆ ವಿಷಯ ತಿಳಿದದ್ದು ಹೇಗೆಂದು ಕೇಳಿದರು. ಮುಖ್ಯವಾಗಿ ಮಕ್ಕಳು ತಾವಾಗಿ ಹೇಳಿದ್ದರಿಂದ. ಕಾವಲಿನಿಂದ ತಿಳಿದದ್ದು ಸ್ವಲ್ಪ. ಮಗ ಹೇಳಿಕೊಂಡಷ್ಟೂ ಹೆತ್ತವರ ನಂಬಿಕೆ ಗಟ್ಟಿಯಾಗುತ್ತದೆ ಎಂದು ಅದೇ ತಂಡ 1999ರಲ್ಲಿ ತೋರಿಸಿತ್ತು. ಈಗ ನಮ್ಮಲ್ಲಿ ಮಗನ ಮೊಬೈಲು ಕಸಿದು ವಾಟ್ಸ್‌ಆ್ಯಪ್ ಪರಿಶೀಲಿಸುವುದನ್ನು, ಹಾಸ್ಟೆಲಿಗೆ ಸಿಸಿ ಕ್ಯಾಮೆರಾ ಹಾಕುವುದನ್ನು ಜವಾಬ್ದಾರಿಯೆಂದು ಭಾವಿಸಲಾಗಿದೆ. ಭದ್ರತೆಗೆ ಕ್ಯಾಮೆರಾ ಇರಲಿ. ಹುಡುಗನ ಮನಸ್ಸಿನ ಸುದ್ದಿ ಕ್ಯಾಮೆರಾ ತರುವುದಿಲ್ಲ.

ರಾಮಾಚಾರಿ, ಚಾಮಯ್ಯ ಮೇಷ್ಟ್ರು

ಈ ವಿಷಯದ ಮೇಲೆ ಚಿತ್ರದುರ್ಗದಲ್ಲಿ ಹುಟ್ಟಿದ ಒಂದು ದೊಡ್ಡ ನಿದರ್ಶನ ಪ್ರಯೋಗಾಲಯದ ಹೊರಗೇ ಇದೆ. ತಳುಕಿನ ಮನೆತನದ ತ.ರಾ. ಸುಬ್ಬರಾಯರು ಬರೆದ 'ನಾಗರಹಾವು', 'ಒಂದು ಗಂಡು ಎರಡು ಹೆಣ್ಣು', 'ಸರ್ಪಮತ್ಸರ' ಕಾದಂಬರಿಗಳನ್ನು ಆಧರಿಸಿ ಪುಟ್ಟಣ್ಣ ಕಣಗಾಲ್ 1972ರಲ್ಲಿ ತೆಗೆದ 'ನಾಗರಹಾವು' ಚಿತ್ರವನ್ನು ಅರ್ಧ ಶತಮಾನದಿಂದ ನಾವು ಬಿಸಿರಕ್ತದ ಹುಡುಗನ ದುರಂತವೆಂದು ನೋಡುತ್ತ ಬಂದಿದ್ದೇವೆ. ನಂಬಿಕೆಯ ಕಥೆಯಾಗಿ ಅದನ್ನು ಓದಬೇಕು ಎನ್ನುವುದು ನನ್ನ ಸೂಚನೆ.

ವಿಷ್ಣುವರ್ಧನ್ ನಟಿಸಿದ ರಾಮಾಚಾರಿಗೆ ಮನೋಗ್ರಹಿಕೆಯ ಕೊರತೆ ಎಲ್ಲೂ ಕಾಣುವುದಿಲ್ಲ. ಯಾರು ತನ್ನನ್ನು ಹೀನಾಯವಾಗಿ ಕಾಣುತ್ತಾರೆ, ಯಾರು ಮನಸಾರೆ ಬಯಸುತ್ತಾರೆ ಎಂಬುದು ಅವನಿಗೆ ತಕ್ಷಣ ತಿಳಿಯುತ್ತದೆ. ನಕಲು ಮಾಡಿ ಸಿಕ್ಕಿಬಿದ್ದು ಅವಮಾನಗೊಂಡಾಗ ಅವನು ಪ್ರಿನ್ಸಿಪಾಲರನ್ನು ರಾತ್ರಿ ಕಂಬಕ್ಕೆ ಕಟ್ಟುತ್ತಾನೆ. ಪ್ರತಿಷ್ಠೆಯ ಮನುಷ್ಯನಿಗೆ ಯಾವ ಅವಮಾನ ನಾಟುತ್ತದೆಂದು ಬಲ್ಲವನ ಸೇಡು ಅದು. ಊರೆಲ್ಲ ಪುಂಡ ಎನ್ನುವ ಈ ಹುಡುಗ ಕೆ.ಎಸ್. ಅಶ್ವತ್ಥ್ ನಟಿಸಿದ ಚಾಮಯ್ಯ ಮೇಷ್ಟ್ರ ಮುಂದೆ ಮಾತ್ರ ಮಗುವಾಗುತ್ತಾನೆ. ಮೇಷ್ಟ್ರು ಅವನ ಹಟದ ಒಳಗಿನ ಮಾನವನ್ನು ಕಂಡಿದ್ದಾರೆ. ಅವನು ನಂಬುವ ಒಂದೇ ಮನೆ ಅದು. ವರ್ತನಾ ಸಮಸ್ಯೆಯುಳ್ಳ ಮಕ್ಕಳಿಗೆ ಒಬ್ಬ ಹಿರಿಯರಾದರೂ ಬೇಕು ಎಂಬ ಮಾತಿಗೆ ಕನ್ನಡದಲ್ಲಿ ಇದಕ್ಕಿಂತ ಜೀವಂತ ಚಿತ್ರ ನನಗೆ ಕಂಡಿಲ್ಲ.

ತೊಡಕು ಮುಂದೆ ಶುರುವಾಗುತ್ತದೆ. ಗೆಳೆಯ ವರದ ಕೊಟ್ಟ ಮಾತಿಗೆ ತಪ್ಪುತ್ತಾನೆ. ರಾಮಾಚಾರಿ ಒಲಿದ ಅಲಮೇಲುವನ್ನು ಬಿಟ್ಟುಕೊಡುವಂತೆ ಅವನನ್ನು ಒಪ್ಪಿಸುವವರು ಬೇರಾರೂ ಅಲ್ಲ, ಚಾಮಯ್ಯ ಮೇಷ್ಟ್ರೇ. ಬೇರೆ ಯಾರು ಹೇಳಿದ್ದರೂ ಅವನು ಕೇಳುತ್ತಿರಲಿಲ್ಲ. ಮೇಷ್ಟ್ರಿಗೆ ಅದು ಗೊತ್ತು. ಹುಡುಗ ಇಟ್ಟ ನಂಬಿಕೆಯನ್ನು ಅವನ ಮನಸ್ಸಿಗೆ ವಿರುದ್ಧವಾಗಿ ಅವರು ಬಳಸುತ್ತಾರೆ. ಪ್ರೀತಿಯಿಂದಲೇ, ಜಾತಿ ಮತ್ತು ಮರ್ಯಾದೆಯ ಲೆಕ್ಕದಲ್ಲಿ ಒಳ್ಳೆಯದೆಂದು ತಿಳಿದೇ ಬಳಸುತ್ತಾರೆ. ಆ ಮೇಲೆ ಅಲಮೇಲುವಿನ ಬದುಕು ಹಾಳಾದದ್ದು ರಾಮಾಚಾರಿಗೆ ತಿಳಿಯುತ್ತದೆ. ಅವನು ಆಮೇಲೆ ಒಲಿದ ಮಾರ್ಗರೇಟಳ ವಿಷಯದಲ್ಲಿ ಮೇಷ್ಟ್ರು ಮತ್ತೆ ಅದೇ ಸಲುಗೆಯಿಂದ ಬೆಟ್ಟ ಹತ್ತಿ ಬಂದಾಗ ಆ ಸಲುಗೆಯ ಕೆಳಗಿನ ನೆಲವೇ ಕುಸಿದಿರುತ್ತದೆ. ಕಥೆ ಮೂವರ ಸಾವಿನಲ್ಲಿ ಮುಗಿಯುತ್ತದೆ.

ಪೀಟರ್ ಫೊನಾಗಿ ಮತ್ತು ಸಂಗಡಿಗರು ಈಚಿನ ಬರಹಗಳಲ್ಲಿ ಮಂಡಿಸುವ ವಿಚಾರ ಹೀಗಿದೆ: ನನ್ನ ಮನಸ್ಸನ್ನು ಇವರು ಅರಿತಿದ್ದಾರೆ ಎಂದು ಅನಿಸಿದಾಗ ಮಾತ್ರ ನಾವು ಅವರ ಮಾತನ್ನು ಕಲಿಯತಕ್ಕದ್ದೆಂದು ಒಳಗೆ ಬಿಟ್ಟುಕೊಳ್ಳುತ್ತೇವೆ. ರಾಮಾಚಾರಿ ಮೇಷ್ಟ್ರ ಮಾತನ್ನು ಒಳಗೆ ಬಿಟ್ಟುಕೊಂಡದ್ದು ಹಾಗೆಯೇ. ಚಿತ್ರ ಇದಕ್ಕೊಂದು ಮಾತು ಸೇರಿಸುತ್ತದೆ. ಅರಿತವರಿಗೆ ತೆರೆದ ಬಾಗಿಲಿನಿಂದ ಅಪ್ಪಣೆಯೂ ಒಳಗೆ ನುಗ್ಗಬಹುದು, ಹಾಗೆ ನುಗ್ಗಿದರೆ ಆ ಬಾಗಿಲು ಮತ್ತೆ ತೆರೆಯುವುದು ಕಷ್ಟ. ವಿದ್ಯಾರ್ಥಿಗಳು ತಮ್ಮನ್ನು ನೆಚ್ಚಿದ್ದಾರೆಂದು ಹೆಮ್ಮೆಪಡುವ ಒಳ್ಳೆಯ ಶಿಕ್ಷಕರೇ ಈ ಚಿತ್ರವನ್ನು ಮತ್ತೊಮ್ಮೆ ನೋಡಬೇಕು.

ಶಾಲೆಯಲ್ಲಿ ಸಾಧ್ಯವಾಗುವುದು

ಬಿಹಾರದ ನಳಂದಾ ಜಿಲ್ಲೆಯ 74 ಪ್ರೌಢಶಾಲೆಗಳಲ್ಲಿ ನಡೆದ 'ಸೆಹರ್' ಪ್ರಯೋಗದ ಫಲಿತಾಂಶ 2018ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬಂತು. ಒಂದೇ ಕಾರ್ಯಕ್ರಮವನ್ನು ಕೆಲವು ಶಾಲೆಗಳಲ್ಲಿ ತರಬೇತಿ ಪಡೆದ ಸಾಮಾನ್ಯ ಆಪ್ತಸಮಾಲೋಚಕರು, ಇನ್ನು ಕೆಲವು ಶಾಲೆಗಳಲ್ಲಿ ಅಲ್ಲಿನ ಶಿಕ್ಷಕರೇ ನಡೆಸಿದರು. ಮೊದಲ ಗುಂಪಿನಲ್ಲಿ ಶಾಲೆಯ ವಾತಾವರಣ ಸುಧಾರಿಸಿತು, ಕಾಟ ಮತ್ತು ಹಿಂಸೆ ತಗ್ಗಿತು, ಖಿನ್ನತೆಯೂ ತಗ್ಗಿತು. ಶಿಕ್ಷಕರು ನಡೆಸಿದ ಕಡೆ ಪರಿಣಾಮ ಕಾಣಲಿಲ್ಲ. ಶಿಕ್ಷಕರ ಮೇಲಿನ ಕೆಲಸದ ಹೊರೆ ಇದಕ್ಕೊಂದು ಕಾರಣವಿರಬಹುದು. ನನಗೆ ತೋರುವ ಇನ್ನೊಂದು ಕಾರಣವೆಂದರೆ, ಇಂಟರ್ನಲ್ ಮಾರ್ಕ್ಸ್ ಹಾಕುವ, ಟಿಸಿ ಬರೆಯುವ, ಅಪ್ಪನನ್ನು ಕರೆಸುವ ಕೈಗೆ ಗುಟ್ಟು ಒಪ್ಪಿಸಲು ಮಕ್ಕಳು ಹಿಂಜರಿಯುತ್ತಾರೆ. ಆ ಹಿಂಜರಿಕೆ ವಿವೇಕದ್ದೇ.

ಕರ್ನಾಟಕದಲ್ಲಿ ನಿಮ್ಹಾನ್ಸ್‌ನ ಶ್ರೀಕಲಾ ಭರತ್ ಮತ್ತು ಕಿಶೋರ್ ಕುಮಾರ್ ಅವರ ಜೀವನ ಕೌಶಲ ಕಾರ್ಯಕ್ರಮವನ್ನು ಶಿಕ್ಷಕರೇ ನಡೆಸಿದರು. ಕಾರ್ಯಕ್ರಮ ಪಡೆದ 605 ವಿದ್ಯಾರ್ಥಿಗಳನ್ನು ಪಡೆಯದ 423 ಮಂದಿಯೊಂದಿಗೆ ಹೋಲಿಸಿ 2010ರಲ್ಲಿ ಪ್ರಕಟಿಸಿದ ಫಲಿತಾಂಶ ಕುತೂಹಲಕರ. ಆತ್ಮಗೌರವ, ಕಷ್ಟ ನಿಭಾಯಿಸುವ ಶಕ್ತಿ, ಅದರಲ್ಲೂ ಶಿಕ್ಷಕರೊಂದಿಗಿನ ಹೊಂದಾಣಿಕೆ ಹೆಚ್ಚಿತ್ತು. ಮನೋವಿಕಾರದ ಲಕ್ಷಣಗಳಲ್ಲಿ ವ್ಯತ್ಯಾಸವಿರಲಿಲ್ಲ. ಇದನ್ನು ಸೋಲೆಂದು ನಾನು ಎಣಿಸುವುದಿಲ್ಲ. ಶಿಕ್ಷಕರು ಬೇರೆ ರೀತಿಯಲ್ಲಿ ಮಾತನಾಡಲು ಕಲಿತರೆ ಸಂಬಂಧ ಬದಲಾಗುತ್ತದೆ. ರೋಗಲಕ್ಷಣಕ್ಕೆ ಬೇರೆ ಬಾಗಿಲು ಬೇಕು.

ಆ ಬಾಗಿಲು ಕಾಗದದ ಮೇಲೆ ಇದೆ. 2014ರಲ್ಲಿ ಆರಂಭವಾದ ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮದಡಿ ನಮ್ಮಲ್ಲಿ 'ಸ್ನೇಹ ಕ್ಲಿನಿಕ್'ಗಳಿವೆ. 2022ರ ಅಕ್ಟೋಬರಿನಿಂದ ಟೆಲಿ-ಮಾನಸ್ ಸಹಾಯವಾಣಿ 14416 ಇದೆ. ಹೊಳಲ್ಕೆರೆಯ ಹುಡುಗಿ ತಾಲ್ಲೂಕು ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದನ್ನು ಊರಿನವರೊಬ್ಬರು ಕಂಡರೆ ಸಂಜೆಯೊಳಗೆ ಸುದ್ದಿ ಮನೆ ಮುಟ್ಟುತ್ತದೆ. ಆದ್ದರಿಂದ ಫೋನಿನ ದಾರಿ ಅಂಥವರಿಗೆ ಹೆಚ್ಚು ಸುಲಭ. ಶಾಲೆಯ ಗೋಡೆಯ ಮೇಲೆ ಈ ನಂಬರನ್ನು ದೊಡ್ಡದಾಗಿ ಬರೆಸುವುದಕ್ಕೆ ಖರ್ಚು ಏನೂ ಇಲ್ಲ.

ಮನೋಗ್ರಹಿಕೆ ಮತ್ತು ನಂಬಿಕೆ ಎರಡನ್ನೂ ಒಟ್ಟಿಗೆ ಬೆಳೆಸುವ ಒಂದು ದಾರಿ ಹೊಸದುರ್ಗ ತಾಲ್ಲೂಕಿನಲ್ಲೇ ಇದೆ. ಸಾಣೇಹಳ್ಳಿಯಲ್ಲಿ ಪಂಡಿತಾರಾಧ್ಯ ಶಿವಾಚಾರ್ಯ ಸ್ವಾಮೀಜಿಯವರ ನೇತೃತ್ವದಲ್ಲಿ ಶ್ರೀ ಶಿವಕುಮಾರ ಕಲಾಸಂಘ, ಶಿವಸಂಚಾರ ತಿರುಗಾಟ, ರಂಗಶಾಲೆ, ವರ್ಷವರ್ಷದ ನಾಟಕೋತ್ಸವ ನಡೆಯುತ್ತ ಬಂದಿವೆ. ಗೋಲ್ಡ್‌ಸ್ಟೀನ್ ಮತ್ತು ವಿನ್ನರ್ 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒಂದು ವರ್ಷ ಅಭಿನಯ ಕಲಿತ ಹೈಸ್ಕೂಲು ವಿದ್ಯಾರ್ಥಿಗಳ ಮನೋಗ್ರಹಿಕೆ ಮತ್ತು ಅನುಭೂತಿ ಎರಡೂ, ಬೇರೆ ಕಲೆ ಕಲಿತವರಿಗಿಂತ ಹೆಚ್ಚಿದವು. ನಾಟಕದ ತಾಲೀಮಿನಲ್ಲಿ ಇನ್ನೂ ಒಂದು ಇದೆ. ಎದುರಿನವನು ತನ್ನ ಮಾತು ಮರೆತರೆ ನಾನು ಸಂಭಾಳಿಸಬೇಕು, ನಾನು ಮರೆತರೆ ಅವನು ಸಂಭಾಳಿಸುತ್ತಾನೆ. ಊರೊಳಗಿನವನೂ ಹಟ್ಟಿಯವನೂ ಒಂದೇ ರಂಗದ ಮೇಲೆ ತಂದೆ ಮಗ ಆಗಬೇಕು. ನೀತಿ ಪಾಠಕ್ಕಿಡುವ ಪೀರಿಯಡ್ಡನ್ನು ವಾರಕ್ಕೊಮ್ಮೆ ಇದಕ್ಕೆ ಕೊಟ್ಟು ನೋಡುವುದು ಈ ತಾಲ್ಲೂಕುಗಳ ಶಾಲೆಗಳಿಗೆ ಕಷ್ಟವಲ್ಲ. ಕಲಿಸಬಲ್ಲವರು ಹತ್ತಿರದಲ್ಲೇ ಇದ್ದಾರೆ.

ಹೊಳಲ್ಕೆರೆ ತಾಲ್ಲೂಕಿನ ಮಲ್ಲಾಡಿಹಳ್ಳಿಯಲ್ಲಿ ರಾಘವೇಂದ್ರ ಸ್ವಾಮೀಜಿ 1943ರಲ್ಲಿ ಕಟ್ಟಿದ ಅನಾಥಸೇವಾಶ್ರಮವನ್ನೂ ಇಲ್ಲಿ ನೆನೆಯಬೇಕು. 'ತಿರುಕ' ಎಂಬ ಹೆಸರಿನಲ್ಲಿ ಬರೆದ ಅವರು ಜೋಳಿಗೆ ಹಿಡಿದು ಬೇಡಿ ತಂದು ಮಕ್ಕಳನ್ನು ಓದಿಸಿದರು, ತಾವೇ ಯೋಗಾಸನ ಕಲಿಸಿದರು. ತಮಗಾಗಿ ದೊಡ್ಡವರೊಬ್ಬರು ಏನು ಮಾಡುತ್ತಿದ್ದಾರೆಂದು ಮಕ್ಕಳು ಕಣ್ಣಾರೆ ಕಾಣುತ್ತಿದ್ದರು. ನಂಬಿಕೆಗೆ ಅಂಥ ಸಾಕ್ಷಿ ಬೇಕು. ಹಾಗೆಂದು ಅಂಥ ವ್ಯಕ್ತಿಗಳಿಗಾಗಿ ಎಲ್ಲ ವಸತಿ ಶಾಲೆಗಳೂ ಕಾಯುತ್ತ ಕೂರಲಾಗದು. ಸಾಮಾನ್ಯ ವಾರ್ಡನ್ನರೂ ಪಾಲಿಸಬಹುದಾದ ನಿಯಮ ಬೇಕು.

ಆ ನಿಯಮದಲ್ಲಿ ಕಾನೂನಿನ ಮಿತಿಯೂ ಸೇರಬೇಕು. 2012ರ ಪೋಕ್ಸೊ ಕಾಯ್ದೆಯ 19ನೇ ಕಲಮಿನಂತೆ ಮಕ್ಕಳ ಮೇಲಿನ ಲೈಂಗಿಕ ಅಪರಾಧ ತಿಳಿದವರು ವರದಿ ಮಾಡಲೇಬೇಕು. ಹೀಗಿರುವಾಗ 'ಏನೇ ಹೇಳು, ಯಾರಿಗೂ ಹೇಳಲ್ಲ' ಎಂಬ ವಚನ ಸುಳ್ಳಾಗುತ್ತದೆ. 'ಯಾರಾದರೂ ನಿನಗೆ ಆ ರೀತಿ ತೊಂದರೆ ಕೊಟ್ಟಿದ್ದರೆ, ಅಥವಾ ನಿನ್ನ ಜೀವಕ್ಕೆ ಅಪಾಯವಿದ್ದರೆ ನಾನು ಹೇಳಲೇಬೇಕಾಗುತ್ತದೆ, ಹೇಳುವ ಮುನ್ನ ನಿನಗೆ ತಿಳಿಸುತ್ತೇನೆ. ಉಳಿದದ್ದು ನನ್ನಲ್ಲೇ ಇರುತ್ತದೆ' ಎಂದು ಮೊದಲೇ ಹೇಳುವವರು ರೊಟೆನ್‌ಬರ್ಗರ ಮೂರು ನಿರೀಕ್ಷೆಗಳನ್ನೂ ಪಾಲಿಸಿದಂತೆ. ಶಿಕ್ಷಕರ ತರಬೇತಿಯಲ್ಲಿ ಈ ವಾಕ್ಯವನ್ನು ಬಾಯಿಪಾಠ ಮಾಡಿಸಿದರೂ ತಪ್ಪಿಲ್ಲ.

ಕೊನೆಯದಾಗಿ, ಈ ನಾಲ್ಕು ತಾಲ್ಲೂಕುಗಳಲ್ಲಿ ಹರೆಯದ ಮಕ್ಕಳ ನಂಬಿಕೆಯನ್ನೂ ವರ್ತನೆಯನ್ನೂ ಅಳೆಯಲು ಹೋಗುವ ಸಂಶೋಧಕ ಮಿತ್ರರಲ್ಲಿ ಒಂದು ವಿನಂತಿ. ಪ್ರಶ್ನಾವಳಿಯ ಮೇಲೆ ಮಕ್ಕಳ ಹೆಸರು, ರೋಲ್ ನಂಬರ್ ಬರೆಸಬೇಡಿ. ಅವರು ಉತ್ತರ ಬರೆಯುವ ಹೊತ್ತಿನಲ್ಲಿ ಕೋಣೆಯಲ್ಲಿ ವಾರ್ಡನ್ ಆಗಲಿ ಕ್ಲಾಸ್ ಟೀಚರ್ ಆಗಲಿ ನಿಲ್ಲದಂತೆ ಕೇಳಿಕೊಳ್ಳಿ. ತುಂಬಿದ ಹಾಳೆಗಳನ್ನು ನಿಮ್ಮ ಚೀಲದಲ್ಲೇ ತನ್ನಿ; ಮುಖ್ಯೋಪಾಧ್ಯಾಯರು ಒಮ್ಮೆ ನೋಡಿ ಕೊಡುತ್ತೇನೆ ಎಂದರೂ ಕೊಡಬೇಡಿ.